ಬಳೆ ಖಾಲಾನ ಹೊಸ ಹೆಬ್ಬೆರಳು

ಘಟಪ್ರಭಾ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿ ಸೊಂಟದ ಚೀಲದಿಂದ ಸಣ್ಣ ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಹಂಚಿನ ಮೇಲೆ ಕರಿಯಾಗುವವರೆಗೆ ಹುರಿದು ಪುಡಿ ಮಾಡಿದ ತಂಬಾಕಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕಡೆ ಇದಕ್ಕೆ ಮಶೇರಿ ಎನ್ನುತ್ತಾರೆ. ಹೆಂಗಸರು ಬೆಳಿಗ್ಗೆ ಎದ್ದು ಇದರಿಂದ ಹಲ್ಲು ತಿಕ್ಕುತ್ತಾರೆ. ಮಧ್ಯಾಹ್ನ ತಲೆ ಭಾರವಾದರೆ ಇನ್ನೊಮ್ಮೆ ತಿಕ್ಕುತ್ತಾರೆ. ಆಕೆ ಬೆರಳಿಗೆ ಪುಡಿ ಹಚ್ಚಿಕೊಂಡು ಒಸಡಿನ ಮೇಲೆ ಎಳೆಯುತ್ತ, "ನಿಮಗೂ ಬೇಕೇನ್ರಿ ಬಾಯಾರ?" ಎಂದು ಡಬ್ಬಿಯನ್ನು ನನ್ನತ್ತ ಚಾಚಿದಳು. ಬೇಡವೆಂದೆ. ರೈಲು ತಡವಾಗಿತ್ತು. ದಿನವಿಡೀ ಬೇರೆಯವರ ಬೆರಳುಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ನನ್ನ ಬೆರಳುಗಳೇ ಸೋತು ಹೋಗಿದ್ದವು. ಆ ವಾಸನೆಯ ಜೊತೆ ಕಣ್ಣು ಮುಚ್ಚಿದೆ. ಬಳೆ ಖಾಲಾ ನೆನಪಾದರು...

ನಾನು ಫಿಜಿಯೋಥೆರಪಿಸ್ಟ್. ಕೈಗೆ ಶಸ್ತ್ರಚಿಕಿತ್ಸೆಯಾದವರಿಗೆ ಮತ್ತೆ ಹಿಡಿಯುವುದನ್ನು, ಬಿಡುವುದನ್ನು ಕಲಿಸುವುದು ನನ್ನ ಕೆಲಸ. ಯಾರ ಬೆರಳು ಯಾವ ದಿನ ಎಷ್ಟು ಮಡಚಿತು ಎಂದು ಬರೆದಿಡುವ ಅಭ್ಯಾಸ ಓದುವಾಗಿನಿಂದಲೂ ಇದೆ. ಮನೆಗೆ ಬಂದ ಮೇಲೆ ದಿನಚರಿಯಲ್ಲೂ ಅದೇ ಕ್ರಮ: ತಾರೀಖು, ನಡೆದದ್ದು, ಯಾರು ಏನೆಂದರು. ಆದ್ದರಿಂದ ಖಾಲಾನ ಮಾತುಗಳನ್ನು ನಾನು ಊಹಿಸಿ ಬರೆಯಬೇಕಾಗಿಲ್ಲ.

ಅವರು ಮೂಡಲಗಿಯಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯವರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಅತ್ತೆಯೂ ಬಳೆ ಮಾರಿದವರೇ, ಅತ್ತೆಯ ಅತ್ತೆಯೂ. ವಾರದಲ್ಲಿ ಕೆಲವು ದಿನ ಗೋಕಾಕ ಪೇಟೆಯಲ್ಲಿ ಕೂರುತ್ತಿದ್ದರು. ಮದುವೆ, ಕುಬಸ, ಹಬ್ಬಗಳಿದ್ದರೆ ಹುಕ್ಕೇರಿಯವರೆಗೂ ಮನೆಮನೆಗೆ ಹೋಗುತ್ತಿದ್ದರು. ಊರಿನವರಿಗೆಲ್ಲ ಅವರು ಬಳೆ ಖಾಲಾ, ಅಂದರೆ ಬಳೆ ಇಡುವ ಚಿಕ್ಕಮ್ಮ. ಅವರಿಗೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಆಸ್ಪತ್ರೆಯ ಚೀಟಿ ಬರೆಸುವಾಗ.

ಗಾಜಿನ ಬಳೆ ಇಡುವುದನ್ನು ನೋಡಿದವರಿಗೆ ಗೊತ್ತು. ಎಡಗೈಯಲ್ಲಿ ನಮ್ಮ ಕೈ ಹಿಡಿದು, ಹೆಬ್ಬೆರಳಿನ ಬುಡದ ಎಲುಬನ್ನು ಅಂಗೈಯೊಳಕ್ಕೆ ಮಡಚುತ್ತಿದ್ದರು. ಬಲಗೈಯ ಹೆಬ್ಬೆರಳಿನಿಂದ ಬಳೆಯನ್ನು ಸ್ವಲ್ಪ ಓರೆ ಮಾಡಿ, ಗಂಟು ದಾಟುವ ಹೊತ್ತಿಗೆ ಒಮ್ಮೆ ಒತ್ತುತ್ತಿದ್ದರು. ಆ ಒತ್ತು ಹೆಚ್ಚಾದರೆ ಬಳೆ ಒಡೆಯುತ್ತದೆ, ಕಡಿಮೆಯಾದರೆ ಗಂಟಿನ ಮೇಲೆ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬರಿಸುತ್ತದೆ. ಖಾಲಾ ಒತ್ತುವಾಗ ನಮ್ಮ ಮುಖ ನೋಡುತ್ತ ಏನಾದರೂ ತಮಾಷೆ ಮಾಡುತ್ತಿದ್ದರು. ನಕ್ಕು ಮುಗಿಯುವಷ್ಟರಲ್ಲಿ ಬಳೆ ಮಣಿಕಟ್ಟಿನಲ್ಲಿರುತ್ತಿತ್ತು. ಕೊನೆಯ ಬಳೆಯಾದ ಮೇಲೆ ಹೆಂಗಸರು ಬಾಗಿ ಅವರ ಬಲಗೈಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಯಾವ ಜಾತಿ, ಯಾವ ಮನೆತನ ಎಂದಿಲ್ಲ. ಬಳೆ ಇಟ್ಟ ಕೈಗೆ ನಮಸ್ಕರಿಸುವುದು ನಮ್ಮ ಕಡೆಯ ರೂಢಿ.

ಆ ಕೈಯ ಹೆಬ್ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು. ತಮ್ಮನ ತೋಟಕ್ಕೆ ಹೋಗಿದ್ದಾಗ, ಎಮ್ಮೆಗೆ ಹಾಕಲೆಂದು ಜೋಳದ ಕಣಿಕೆ ತಳ್ಳುತ್ತಿದ್ದರಂತೆ. ಬುಡದಿಂದಲೇ ಹೋಯಿತು. ಅವರನ್ನು ಗಾಡಿಯಲ್ಲಿ ಗೋಕಾಕಿಗೆ ಕಳಿಸಿ ತಮ್ಮ ಹಿಂದೆ ಉಳಿದ. ದೇಹದ ತುಂಡನ್ನು ಎಲ್ಲೆಂದರಲ್ಲಿ ಬಿಡಬಾರದು ಎಂದು ಹಿರಿಯರೊಬ್ಬರನ್ನು ಕರೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಕಬರಸ್ಥಾನದ ಮೂಲೆಯಲ್ಲಿ ಮರ್ಯಾದೆಯಿಂದ ಮಣ್ಣು ಮಾಡಿ ಆಮೇಲೆ ಆಸ್ಪತ್ರೆಗೆ ಬಂದ. ಅಲ್ಲಿಯ ಡಾಕ್ಟರು ಮೊದಲು ಕೇಳಿದ್ದೇ, "ಬೆರಳು ಎಲ್ಲೈತಿ?"

"ದಫನ್ ಮಾಡಿ ಬಂದೇನ್ರಿ ಸಾಹೇಬ್ರ."

ಸ್ವಚ್ಛ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಬರ್ಫದ ಮೇಲಿಟ್ಟು ತಂದಿದ್ದರೆ ಮತ್ತೆ ಜೋಡಿಸಲು ಪ್ರಯತ್ನಿಸಬಹುದಿತ್ತು ಎಂದು ಡಾಕ್ಟರು ಹೇಳಿದಾಗ ಆ ಮನುಷ್ಯ ಗೋಡೆಗೆ ಒರಗಿ ಕೂತುಬಿಟ್ಟನಂತೆ. ಖಾಲಾ ಮಾತ್ರ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ನೋಡಲು ಬಂದವರಿಗೆ, "ನಾ ಪೂರಾ ಹೋಗೂಕಿಂತ ಮೊದ್ಲ ಒಂದ್ ಬಟ್ಟ ಹೋಗಿ ಜಾಗಾ ಹಿಡದೈತ್ರಿ" ಎಂದು ನಗಿಸುತ್ತಿದ್ದರು. ನಮ್ಮ ಕಡೆ ಬೆರಳಿಗೆ ಬಟ್ಟ ಎನ್ನುತ್ತಾರೆ. ಬಂದವರು ಹೋದ ಮೇಲೆ ಗೋಡೆಗೆ ತೂಗುಹಾಕಿದ್ದ ಬಳೆಸರಗಳನ್ನು ನೋಡುತ್ತ ಕೂತಿರುತ್ತಿದ್ದರು. ಒಂದು ದಿನ ಹಿತ್ತಲ ಗೋಡೆಯ ಮೇಲಿನಿಂದ ನನ್ನನ್ನು ಕರೆದು, "ಬೇಟಿ, ಖರೆ ಹೇಳು, ನನಗ ಇನ್ನ ಬಳಿ ಇಡಾಕ ಬರತೈತೇನು?" ಎಂದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಮೊದಲ ದಿನದಿಂದ ಕೊನೆಯವರೆಗೂ ಅವರು ಕೇಳಿದ್ದು ಅದನ್ನೇ.

ನಾನಾಗ ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದೆ. ಅಲ್ಲಿಯ ಪ್ಲಾಸ್ಟಿಕ್ ಸರ್ಜರಿ ವಿಭಾಗದ ಹಿರಿಯ ಡಾಕ್ಟರ ಹತ್ತಿರ ಖಾಲಾನನ್ನು ಕರೆದುಕೊಂಡು ಹೋದೆ. ಪ್ಲಾಸ್ಟಿಕ್ ಸರ್ಜರಿ ಎಂದರೆ ಪ್ಲಾಸ್ಟಿಕ್ಕಿನ ಬೆರಳು ಕೂಡಿಸುತ್ತಾರೆ ಎಂದು ದಾರಿಯುದ್ದಕ್ಕೂ ನಂಬಿದ್ದರು. ಡಾಕ್ಟರು ಗಾಯ ಮಾಗಿದ ಬುಡವನ್ನು ತಿರುಗಿಸಿ ನೋಡಿ, ಆಮೇಲೆ ಖಾಲಾನ ಪಾದಗಳನ್ನು ನೋಡಿದರು.

"ಕಾಲಿನ ಹೆಬ್ಬಟ್ಟು ತಗದು ಕೈಗೆ ಕೂಡಸ್ತೀವಿ ಖಾಲಾ."

ಖಾಲಾ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. "ಕಾಲಿಂದು... ಕೈಗಾ? ತೌಬಾ. ಬ್ಯಾರೆ ಎಲ್ಲಿಂದರ ತರಾಕ ಬರಂಗಿಲ್ಲೇನ್ರಿ?"

"ಮಂದೀದು ನಿಮ್ಮ ಮೈ ಒಪ್ಪಂಗಿಲ್ಲ. ರಬ್ಬರಿಂದು ಹಾಕಿದ್ರ ಚಂದ ಕಾಣತೈತಿ, ಮುಟ್ಟಿದ್ದು ತಿಳಿಯಂಗಿಲ್ಲ."

"ತಿಳೀಲಿಲ್ಲಂದ್ರ ಬಳಿ ಒಡೀತೈತ್ರಿ."

"ಅದಕ್ಕ ಹೇಳಾಕತ್ತೇನಿ. ಎಲುಬು, ನರ, ರಕ್ತದ ಕೊಳವಿ, ಉಗುರು ಎಲ್ಲಾ ಕೂಡೇ ಇರೂ ಹೆಬ್ಬಟ್ಟು ನಿಮ್ಮ ಮೈಯಾಗ ಕಾಲಿನ ಮ್ಯಾಲ ಮಾತ್ರ ಐತಿ."

ಎರಡನೆಯ ಬೆರಳನ್ನೂ ತೆಗೆಯಬಹುದು ಎಂದು ವಿವರಿಸಿದರು. ಅದನ್ನು ತೆಗೆದರೆ ನಡಿಗೆಗೆ ಏನೂ ಆಗುವುದಿಲ್ಲ, ಆದರೆ ಅದು ಸಣ್ಣದು, ಒತ್ತಲು ಜೋರಿರುವುದಿಲ್ಲ. ಹೆಬ್ಬಟ್ಟಿಗೆ ಜೋರಿದೆ, ಆದರೆ ಅಗಲ. ಪಕ್ಕದ ಮಾಂಸ, ಎಲುಬು ಕೆತ್ತಿ ಕೈಗೆ ಹೊಂದುವಷ್ಟು ಸಣ್ಣದು ಮಾಡಬೇಕು. ಆಮೇಲೆ ನಡೆಯುವಾಗ ಹೆಜ್ಜೆ ಸ್ವಲ್ಪ ತಡವರಿಸುತ್ತದೆ. ಖಾಲಾ ಸೀರೆಯೊಳಗಿಂದ ಪಾದಗಳನ್ನು ಹೊರಗೆ ಚಾಚಿದರು.

"ನಡಿಗಿ ಬಿಡ್ರಿ ಸಾಹೇಬ್ರ. ಕಾಲ ನೋವಾದ್ರ ಪ್ಯಾಟ್ಯಾಗ ಒಂದ ಕಡೆ ಕುಂದರತೇನಿ. ಕೈ ಇಲ್ದ ಕುಂತು ಏನ ಮಾಡ್ಲಿ?"

ಶಸ್ತ್ರಚಿಕಿತ್ಸೆ ಬೆಳಿಗ್ಗೆ ಶುರುವಾಗಿ ಸಂಜೆಯವರೆಗೆ ನಡೆಯಿತು. ಒಂದು ತಂಡ ಕಾಲಿನ ಹತ್ತಿರ, ಒಂದು ತಂಡ ಕೈಯ ಹತ್ತಿರ. ನನಗೆ ಗಾಜಿನ ಹೊರಗಿನಿಂದ ನೋಡಲು ಬಿಟ್ಟಿದ್ದರು. ಎಲುಬಿಗೆ ಎಲುಬು ತಂತಿಯಿಂದ ಬಿಗಿದು, ಬೆರಳನ್ನು ಎಳೆಯುವ ಸ್ನಾಯುವಿನ ಹುರಿಗಳನ್ನು ಹೊಲಿದು, ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ರಕ್ತನಾಳಗಳನ್ನು ಜೋಡಿಸುವ ಕೆಲಸ. ಶಾವಿಗೆಯ ಎಳೆಯಷ್ಟು ದಪ್ಪದ ನಾಳ, ಕೂದಲಿಗಿಂತ ಸಣ್ಣ ದಾರ. ರಕ್ತ ತಡೆಯಲು ನಾಳಕ್ಕೆ ಹಾಕಿದ್ದ ಚಿಮಟಿಗಳನ್ನು ಬಿಚ್ಚಿದಾಗ ಬಿಳುಚಿಕೊಂಡಿದ್ದ ಆ ಬೆರಳು ಬುಡದಿಂದ ತುದಿಯವರೆಗೆ ನಿಧಾನವಾಗಿ ಕೆಂಪಾಯಿತು. ಡಾಕ್ಟರು ಸ್ಟೂಲಿನಿಂದ ಎದ್ದು ಸೊಂಟ ಹಿಡಿದುಕೊಂಡು ನಿಂತರು...

ಇಂಥ ಬೆರಳಿಗೆ ಮೊದಲ ಕೆಲವು ದಿನ ಜೀವ ತಂತಿಯ ಮೇಲೆ ನಿಂತಂತೆ. ಕೋಣೆ ಬೆಚ್ಚಗಿರಬೇಕು, ಫ್ಯಾನು ಬೇಡ, ಚಹಾ ಬೇಡ, ತಂಬಾಕಂತೂ ಬೇಡವೇ ಬೇಡ. ತಂಬಾಕು ರಕ್ತನಾಳವನ್ನು ಬಿಗಿಯುತ್ತದೆ. ದಾಖಲಾಗುವ ದಿನ ಡಾಕ್ಟರು ಕೇಳಿದಾಗ ಖಾಲಾ ತಲೆ ಮೇಲೆ ಸೆರಗೆಳೆದುಕೊಂಡು, "ನಮ್ಮ ಮನಿತನದಾಗ ಹೆಣ್ಮಕ್ಕಳು ತಂಬಾಕ ಮುಟ್ಟಂಗಿಲ್ರಿ" ಎಂದಿದ್ದರು. ಗಂಟೆಗಂಟೆಗೂ ಉಗುರನ್ನು ಒತ್ತಿ, ಬಿಳಿಯಾದದ್ದು ಎಷ್ಟು ಬೇಗ ಕೆಂಪಾಗುತ್ತದೆ ಎಂದು ನೋಡುವ ಕೆಲಸ ನರ್ಸುಗಳದು ಮತ್ತು ನನ್ನದು.

ಮೂರನೆಯ ದಿನ ಬೆಳಿಗ್ಗೆ ನಾನು ಒತ್ತಿದ ಉಗುರು ಬಿಳಿಯಾಗಿಯೇ ಉಳಿಯಿತು. ಬೆರಳು ತಣ್ಣಗಿತ್ತು. ಖಾಲಾನ ಬಾಯಿಯಿಂದ ಹುರಿದ ಪುಡಿಯ ವಾಸನೆ ಬರುತ್ತಿತ್ತು. ಡಾಕ್ಟರು ಓಡಿ ಬಂದವರೇ ಮೂಗು ಎಳೆದು, "ತಂಬಾಕ ಕೊಟ್ಟವರ ಯಾರು?" ಎಂದು ಕೂಗಿದರು.

ಖಾಲಾನ ಆರೈಕೆಗೆಂದು ಕಣಗಲಾದಿಂದ ಬಂದಿದ್ದ ತಂಗಿ ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು. "ತಂಬಾಕ ಎಲ್ಲಿಂದ ಬರತೈತ್ರಿ? ಬೇಕಾದ್ರ ಗಂಟ ಬಿಚ್ಚಿ ನೋಡ್ರಿ!"

ಗಂಟು ಬಿಚ್ಚಿದರೆ ಮೊದಲು ಸಿಕ್ಕಿದ್ದು ಮಶೇರಿ ಡಬ್ಬಿ.

"ಇದೇನು?"

"ಅದು ಹಲ್ಲ ತಿಕ್ಕೂದ್ರಿ. ಮೂರ ದಿನಾ ಆತು ಅಕ್ಕ ಬಾಯಿ ತೊಳದಿಲ್ಲ. ತೊಳೀದ ಚಾ ಸುದ್ದಾ ಕುಡಿಯಂಗಿಲ್ಲ ಆಕಿ, ಅಂಥಾದ್ರಾಗ ನೀವು ಚಾನೂ ಬಂದ್ ಮಾಡೀರಿ. ಹಲ್ಲರ ತಿಕ್ಲಿ ಅಂತ ಕೊಟ್ಟೇನಿ, ತಪ್ಪೇನು?"

ಡಾಕ್ಟರು ಡಬ್ಬಿ ಹಿಡಿದುಕೊಂಡು ಹಾಸಿಗೆಯ ತುದಿಯಲ್ಲಿ ಕುಸಿದು ಕೂತರು. ಆ ಅಕ್ಕತಂಗಿಯರು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ತಂಬಾಕು ಎಂದರೆ ಗಂಡಸರು ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳುವುದು. ಮಶೇರಿಯನ್ನು ಯಾರೂ ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಅಜ್ಜಿಯೂ ಹಿಡಿಯುತ್ತಿರಲಿಲ್ಲ.

ಮತ್ತೆ ಥಿಯೇಟರಿಗೆ ಒಯ್ದರು. ಹೊಲಿಗೆ ಬಿಚ್ಚಿ, ಬಿಗಿದುಕೊಂಡಿದ್ದ ನಾಳದ ಮೇಲೆ ಬೆಚ್ಚಗಿನ ಔಷಧಿ ನೀರನ್ನು ಹನಿಹನಿಯಾಗಿ ಬಿಡುತ್ತ ಕಾದರು. ತಂಗಿ ಹೊರಗೆ ಬಾಗಿಲ ಪಕ್ಕದಲ್ಲಿ ಕೂತು ಒಂದೇ ಸಮನೆ ಅಳುತ್ತಿದ್ದಳು. "ನಾನ ಕೊಂದೆ ಅಕ್ಕನ ಬಟ್ಟಾ..." ಎನ್ನುತ್ತಿದ್ದಳು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಬೆರಳಿಗೆ ಬಣ್ಣ ಮರಳಿತು. ಅವತ್ತಿನಿಂದ ಆ ವಿಭಾಗದಲ್ಲಿ ತಂಬಾಕಿನ ಪ್ರಶ್ನೆಯ ಕೆಳಗೆ ಇನ್ನೊಂದು ಪ್ರಶ್ನೆ ಸೇರಿತು: ಹಲ್ಲು ಯಾತರಿಂದ ತಿಕ್ಕುತ್ತೀರಿ?

ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸುವುದು ನನ್ನ ಪಾಲಿಗೆ ಬಂತು. ರಜೆಯ ದಿನ ಮೂಡಲಗಿಗೆ ಬಂದಾಗಲೆಲ್ಲ ಅವರ ಪಡಸಾಲೆಯಲ್ಲಿ ಕೂರುತ್ತಿದ್ದೆ. ಕಣ್ಣು ಮುಚ್ಚಿಸಿ, ಹೊಸ ಹೆಬ್ಬೆರಳಿಗೆ ಹತ್ತಿ ತಾಗಿಸಿ, ಎಲ್ಲಿ ಮುಟ್ಟಿದೆ ಎಂದು ಕೇಳುವುದು ಮೊದಲ ಪಾಠ. ಬಹಳ ದಿನ ಏನೂ ಗೊತ್ತಾಗಲಿಲ್ಲ. ಗೊತ್ತಾದ ದಿನ ಅವರು ಬೆಚ್ಚಿ, ಹೆಬ್ಬಟ್ಟು ತೆಗೆದಿದ್ದ ಎಡಪಾದವನ್ನು ಹಿಂದಕ್ಕೆ ಎಳೆದುಕೊಂಡರು.

"ಕಾಲಿಗೆ ಮುಟ್ಟಿದಿ ನೀ."

"ಇಲ್ರಿ ಖಾಲಾ, ಕೈಗೆ."

ಕಣ್ಣು ಬಿಟ್ಟು ನೋಡಿದರು. ತಕ್ಷಣ ನನ್ನ ಕೈಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ತೌಬಾ. ತಪ್ಪಾತು ಬೇಟಿ."

ನರ ಬೆಳೆದು ಬಂದಿತ್ತು. ಆದರೆ ಆ ಬೆರಳನ್ನು ಮೆದುಳು ಇನ್ನೂ ಕಾಲೆಂದೇ ತಿಳಿದಿತ್ತು. ಇದು ಹೊಸದೇನಲ್ಲ, ದಿನ ಕಳೆದಂತೆ ಸರಿಹೋಗುತ್ತದೆ ಎಂದು ನಮಗೆ ಪಾಠದಲ್ಲೇ ಹೇಳಿದ್ದರು. ಆದರೆ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸಬೇಕು ಎಂದು ಬುದ್ಧಿ ಬಂದಾಗಿನಿಂದ ಕಲಿತವರ ಗತಿ ಏನು ಎಂಬುದು ಪಾಠದಲ್ಲಿರಲಿಲ್ಲ. ಆ ಬೆರಳು ನನಗೆ ತಾಗಿದಾಗಲೆಲ್ಲ ಖಾಲಾ ತೌಬಾ ಎನ್ನುತ್ತಿದ್ದರು. ಮಡಚುವಿಕೆಯ ಅಳತೆಯ ಪಕ್ಕದಲ್ಲಿ ಇದಕ್ಕೂ ಒಂದು ಗೆರೆ ಎಳೆಯತೊಡಗಿದೆ. ಬೆರಳು ಬಾಗುವುದು ಹೆಚ್ಚಾದಂತೆ ಆ ಗೆರೆಗಳೂ ಹೆಚ್ಚಾದವು, ಏಕೆಂದರೆ ಈಗ ಆ ಬೆರಳು ಹೆಚ್ಚು ಸಲ ತಾಗುತ್ತಿತ್ತು.

ಲಟ್ಟಣಿಗೆಯನ್ನು ತೊಡೆಗಳ ನಡುವೆ ನಿಲ್ಲಿಸಿ, ಅದಕ್ಕೆ ಬಟ್ಟೆ ಸುತ್ತಿ ಕೈಯಷ್ಟು ದಪ್ಪ ಮಾಡಿ, ಬಳೆ ಇಡುವ ಅಭ್ಯಾಸ ಮಾಡಿಸಿದೆ. ಅದು ನನ್ನ ಉಪಾಯವಲ್ಲ, ಖಾಲಾನ ತಂಗಿಯದು. ಮೊದಲು ಬಳೆಗಳು ಜಾರಿ ಬಿದ್ದವು. ಆಮೇಲೆ ಒಂದು ದಿನ ಹೆಬ್ಬೆರಳು ಓರೆಯಾಗಿ ಒತ್ತಿತು, ಬಳೆ ಬಟ್ಟೆಯ ಗಂಟನ್ನು ದಾಟಿತು. ಮತ್ತೊಂದು, ಇನ್ನೊಂದು... ಲಟ್ಟಣಿಗೆ ಮದುಮಗಳಾಯಿತು. ನಾನು ನನ್ನ ಕೈ ಮುಂದೆ ಚಾಚಿದೆ. ಖಾಲಾ ನಗುತ್ತ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡರು.

"ಲಟ್ಟಣಿಗಿಗೆ ಕಾಲ ತಾಗಿದ್ರ ನಡೀತೈತಿ. ನಿನಗ ಬ್ಯಾಡ."

ಗೋಕಾಕ ಪೇಟೆಯಲ್ಲಿ ಮತ್ತೆ ಕೂತ ಮೊದಲ ದಿನ ನಾನೂ ಜೊತೆಗಿದ್ದೆ. ಸುದ್ದಿ ನಮಗಿಂತ ಮೊದಲೇ ಬಂದು ಮುಟ್ಟಿತ್ತು. ಕರದಂಟು ಕೊಳ್ಳಲು ಬಂದವರು, ತರಕಾರಿ ಮಾರುವವರು, ಹಳೆಯ ಗಿರಾಕಿಗಳು ಎಲ್ಲರೂ ಸುತ್ತ ನೆರೆದರು. ಯಾರೂ ಹಿಂಜರಿಯಲಿಲ್ಲ, ಅಸಹ್ಯ ಪಡಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ನಾನು ಹೆದರಿದ್ದು ಅದಕ್ಕೇ.

"ತೋರ್ಸರಿ ಖಾಲಾ, ನಿಮ್ಮ ಹೊಸಾ ಬಟ್ಟ ನೋಡೂನು!"

"ಉಗರಿಗೆ ಬಣ್ಣಾ ಹಚ್ಚಬೇಕಿತ್ತಲ್ರಿ."

"ಬಣ್ಣಾ ಯಾಕ, ಕಾಲುಂಗರಾನ ಹಾಕ್ರಿ ಅದಕ್ಕ!"

"ಹಾಕ್ಕೋತಿದ್ನೇಳು," ಎಂದರು ಖಾಲಾ, "ನಿನ್ನ ಗಂಡ ನೋಡಿ, ಇದ್ಯಾವ ಹೊಸಾ ಸಂಬಂಧ ಅಂತ ಬೆನ್ನ ಹತ್ತಿದ್ರ ಏನ ಮಾಡ್ಲಿ?"

ಪೇಟೆ ನಕ್ಕಿತು. ಮೊದಲ ಹೆಣ್ಣುಮಗಳು ಕೈ ಚಾಚಿದಳು. ಖಾಲಾ ಹೊಸ ಹೆಬ್ಬೆರಳನ್ನು ಹಿಂದಕ್ಕೆ ಎತ್ತಿ ಹಿಡಿದು, ಉಳಿದ ಬೆರಳುಗಳಿಂದಲೇ ಬಳೆ ತಳ್ಳಿದರು. ಒಂದು ಹೋಯಿತು. ಎರಡನೆಯದು ಗಂಟಿನ ಮೇಲೆ ಚಟ್ಟೆಂದಿತು. ಆಕೆ ಹಲ್ಲು ಕಚ್ಚಿ ಸಹಿಸಿದಳು. ಕೊನೆಗೆ ಬಾಗಿ ಆ ಬಲಗೈ ಮುಟ್ಟಲು ಹೋದಾಗ ಖಾಲಾ ಕೈಯನ್ನು ಸೆರಗಿನಲ್ಲಿ ಅಡಗಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. ಅಷ್ಟು ಚೆನ್ನಾಗಿ ಒತ್ತಲು ಬರುತ್ತದೆ, ಯಾಕೆ ಎತ್ತಿ ಹಿಡಿದಿರಿ?

"ಬಳಿ ಇಟ್ಟ ಮ್ಯಾಲ ಈ ಕೈಗೆ ನಮಸ್ಕಾರ ಮಾಡ್ತಾರ ಬೇಟಿ. ಮಂದಿ ನನ್ನ ಕಾಲಿಗೆ ಬೀಳಬೇಕಂದ್ರ ನಾ ಅಂಥಾದ್ದೇನ ಮಾಡೇನಿ?"

"ಅದು ಈಗ ಕೈನ ಅಲ್ಲೇನ್ರಿ ಖಾಲಾ..."

"ನಿನಗ ಕೈ. ನನಗ ಇನ್ನೂ ಕಾಲ ಅನಸ್ತೈತಿ."

ಡಾಕ್ಟರ ಹತ್ತಿರ ತಪಾಸಣೆಗೆ ಹೋದಾಗ ಅವರು ಸೂಜಿ ಎತ್ತಿಸಿ, ಗುಂಡಿ ಹಾಕಿಸಿ, ಸಂತೋಷಪಟ್ಟರು. ಖಾಲಾ ಹೇಳಿದ್ದೆಲ್ಲವನ್ನೂ ಮಾಡಿ ತೋರಿಸಿದರು. ಬಳೆಯ ವಿಷಯ ಎತ್ತಲಿಲ್ಲ. ಮನೆಯಲ್ಲಿ ಆ ಹೆಬ್ಬೆರಳಿನಿಂದ ರೊಟ್ಟಿ ತಟ್ಟುತ್ತಿದ್ದರು, ಕೊಡ ಎತ್ತುತ್ತಿದ್ದರು, ಬೀಗ ತೆರೆಯುತ್ತಿದ್ದರು. ಯಾವುದಕ್ಕಾಗಿ ಕಾಲನ್ನು ಕೊಟ್ಟಿದ್ದರೋ ಅದೊಂದನ್ನು ಮಾತ್ರ ಮಾಡುತ್ತಿರಲಿಲ್ಲ. ಪೇಟೆಯಲ್ಲಿ ಗಿರಾಕಿಗಳು ನೋವು ಸಹಿಸಿ ಸಹಿಸಿ, ಆಮೇಲೆ ಮುಖ ತಪ್ಪಿಸಿ ಬೇರೆ ಅಂಗಡಿಗೆ ಹೋಗತೊಡಗಿದರು. ನಾನೂ ದಣಿದಿದ್ದೆ. ಯಾವ ವ್ಯಾಯಾಮದಿಂದ ಇದು ಸರಿಹೋಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಹುಕ್ಕೇರಿಗೆ ಕೊಟ್ಟಿದ್ದ ನನ್ನ ಅಕ್ಕನ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಗಾಜಿನ ಬಳೆ ಇಡಿಸಿ, ಉಡಿ ತುಂಬುವ ದಿನ. ಬಳೆ ಇಡಲು ಖಾಲಾನೇ ಬರಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಅವಳ ಅತ್ತೆಯ ಕೈಗೂ ಎಷ್ಟೋ ವರ್ಷ ಅವರೇ ಇಟ್ಟಿದ್ದರು. ಖಾಲಾ ಒಲ್ಲೆ ಎನ್ನಲಾರದೆ ಬಂದರು.

ಏಳು ತಿಂಗಳ ಬಸುರಿ ಅಕ್ಕನ ಕೈಗಳು ಬಾತುಕೊಂಡಿದ್ದವು. ಖಾಲಾ ಸೋಪಿನ ನೀರು ಸವರಿ, ಹೆಬ್ಬೆರಳು ಎತ್ತಿ ಹಿಡಿದು, ನಾಲ್ಕು ಬೆರಳಿನಿಂದ ತಳ್ಳಿದರು. ಮೊದಲನೆಯದು ಕಷ್ಟದಿಂದ ಹೋಯಿತು. ಎರಡನೆಯದು ಒಡೆಯಿತು. ಅಕ್ಕನ ಕೈಯ ಮೇಲೆ ಸಣ್ಣದೊಂದು ರಕ್ತದ ಗೆರೆ ಮೂಡಿತು. ಒಡೆಯಿತು ಎನ್ನಬಾರದೆಂದು ಯಾರೋ "ಹೆಚ್ಚಾತು, ಹೆಚ್ಚಾತು" ಎಂದರು. ಹಾಡುತ್ತಿದ್ದವರು ನಿಲ್ಲಿಸಿದರು. ಕುಬಸದ ಹಸಿರು ಬಳೆ... ಅದು ಒಡೆದರೆ ಅಪಶಕುನ ಎಂಬುದು ಎಲ್ಲರಿಗೂ ಗೊತ್ತಿತ್ತು.

ಖಾಲಾ ಬಳೆಸರವನ್ನು ಬುಟ್ಟಿಗೆ ಹಾಕಿ ಏಳಲು ಹೊರಟರು. "ಬ್ಯಾರೆಯವರನ್ನ ಕರಸ್ರಿ ಬಾಯಾರ. ನನ್ನ ಕೈಲೆ ಇನ್ನ ಆಗೂದಿಲ್ಲ."

ಅಕ್ಕ ಅವರ ಬಲಗೈ ಹಿಡಿದುಕೊಂಡಳು. ಎತ್ತಿ ಹಿಡಿದಿದ್ದ ಆ ಹೆಬ್ಬೆರಳನ್ನೇ ಗಟ್ಟಿಯಾಗಿ ಹಿಡಿದಳು. ಖಾಲಾ "ತೌಬಾ, ತೌಬಾ, ಬಿಡವ್ವಾ" ಎಂದು ಕೈ ಜಗ್ಗಿದರು.

"ಬಿಡಂಗಿಲ್ಲ. ಇದನ್ನ ಯಾಕ ಎತ್ತಿ ಹಿಡದೀರಿ?"

"ಕಾಲಿನದು... ನಿನ್ನಂಥಾ ಬಸರಿಗೆ ತಾಗಬಾರದು."

"ಆಹಾ!" ಎಂದಳು ಅಕ್ಕ. ಅವಳಿಗೆ ಅಳುವೂ ಬಂದಿತ್ತು, ಸಿಟ್ಟೂ ಬಂದಿತ್ತು. "ಈ ಹೊಟ್ಟ್ಯಾಗ ಕುಂತೈತಲ್ಲ, ಇದು ಹಗಲಿಡೀ ನನಗ ಎರಡೂ ಕಾಲಿಲೆ ಒದೀತೈತಿ. ಒಮ್ಮೆರ ತಪ್ಪಾತು ಅಂದೈತೇನು? ಒದೀಲಿಲ್ಲಂದ್ರ ನಮ್ಮತ್ತಿ ಗಾಬರಿಯಾಗಿ ದವಾಖಾನಿಗೆ ಓಡಸ್ತಾರ. ನಿಮ್ಮದೊಂದ ಬಟ್ಟ ತಾಗಿದ್ರ ನಾ ಸಾಯ್ತೇನೇನ್ರಿ?"

ಮೊದಲು ನಕ್ಕದ್ದು ಅಕ್ಕನ ಅತ್ತೆ. ನಗುತ್ತ ಕೆಮ್ಮು ಹತ್ತಿ ಬೆನ್ನು ತಟ್ಟಬೇಕಾಯಿತು. "ಇಡ್ರಿ ಖಾಲಾ," ಎಂದರು ಕಣ್ಣೊರೆಸಿಕೊಳ್ಳುತ್ತ, "ಒಳಗಿನದೂ ಕಾಲ, ಹೊರಗಿನದೂ ಕಾಲ. ಆಕಿ ಎರಡಕ್ಕೂ ತಯಾರದಾಳ."

ಖಾಲಾ ನಗಲಿಲ್ಲ. ಬಹಳ ಹೊತ್ತು ಅಕ್ಕನ ಹೊಟ್ಟೆಯನ್ನು ನೋಡುತ್ತ ಕೂತರು. ಆಮೇಲೆ ಬುಟ್ಟಿಯಿಂದ ಬಳೆ ತೆಗೆದರು. ಎಡಗೈಯಿಂದ ಅಕ್ಕನ ಬಾತ ಕೈಯನ್ನು ನಿಧಾನವಾಗಿ ಮಡಚಿ, ಬಲಗೈಯ ಹೊಸ ಹೆಬ್ಬೆರಳನ್ನು ಬಳೆಯ ಮೇಲಿಟ್ಟರು. ಆ ಉಗುರಿನ ತುದಿ ಬಿಳಿಯಾಗುವುದನ್ನು ನಾನು ನೋಡಿದೆ. ಬಳೆ ಓರೆಯಾಯಿತು, ಒಂದು ಒತ್ತು, ಗಂಟು ದಾಟಿ ಮಣಿಕಟ್ಟಿಗೆ ಜಾರಿತು. ಉಗುರು ಮತ್ತೆ ಕೆಂಪಾಯಿತು. ಇನ್ನೊಂದು. ಮತ್ತೊಂದು. ಎರಡೂ ಕೈ ತುಂಬಿದವು. ಯಾವಾಗ ಹಾಡು ಮತ್ತೆ ಶುರುವಾಯಿತೋ ನನಗೆ ನೆನಪಿಲ್ಲ.

ಹೊಟ್ಟೆ ಅಡ್ಡ ಬಂದದ್ದರಿಂದ ಅಕ್ಕನಿಗೆ ಬಾಗಲು ಆಗಲಿಲ್ಲ. ಖಾಲಾನ ಕೈಯನ್ನೇ ಮೇಲೆತ್ತಿ ತನ್ನ ಕಣ್ಣುಗಳಿಗೆ ಒತ್ತಿಕೊಂಡಳು. ಖಾಲಾ ಕೈ ಎಳೆದುಕೊಳ್ಳಲಿಲ್ಲ. ಬಳೆ ಇಡುವ ಮೊದಲು ಅಂದ ತೌಬಾಗಳನ್ನು ಲೆಕ್ಕಕ್ಕೆ ಹಿಡಿಯದೆ, ಅಂದಿನ ದಿನಚರಿಯಲ್ಲಿ ತೌಬಾದ ಗೆರೆ ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಆಮೇಲೆ ಕೆಲವು ವರ್ಷ ಅವರು ಗೋಕಾಕ ಪೇಟೆಯಲ್ಲಿ ಕೂತರು. ಗಿರಾಕಿಗಳು ಮರಳಿ ಬಂದರು. ನನಗೆ ಕೆಲಸ ಸಿಕ್ಕಿತು, ಮೂಡಲಗಿಗೆ ಹೋಗುವುದು ಕಡಿಮೆಯಾಯಿತು. ಹೋದಾಗ ನನ್ನ ಕೈ ಹಿಡಿದು, "ಭಾಳ ಒಣಗೇದಿ ಬೇಟಿ, ಮಂದಿ ಬಟ್ಟ ತಿಕ್ಕಿ ತಿಕ್ಕಿ ನಿನ್ನವು ಸವದಾವು" ಎನ್ನುತ್ತಿದ್ದರು. ಒಂದು ದಿನ ಬೆಳಿಗ್ಗೆ ಎದೆನೋವು ಎಂದವರು ಮಧ್ಯಾಹ್ನಕ್ಕೇ ಹೋಗಿಬಿಟ್ಟರಂತೆ. ಅವ್ವ ಫೋನು ಮಾಡಿದಾಗ ನನ್ನೆದುರು ಸುಟ್ಟಗಾಯದ ಕೈಯೊಂದಿತ್ತು, ಅದರ ಹಿಂದೆ ಸಾಲಿನಲ್ಲಿ ಇನ್ನೂ ಕೈಗಳಿದ್ದವು. ಆ ಕೈಯ ಬೆರಳುಗಳನ್ನು ಮಡಚಿಸಿ ಮುಗಿಸಿದೆ. ಮುಂದಿನವರನ್ನು ಕರೆದೆ. ನಾನು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪಡಸಾಲೆಯಲ್ಲಿ ಖಾಲಾನ ತಂಗಿಯೊಬ್ಬಳೇ ಕೂತಿದ್ದಳು...

ಈಗ ಘಟಪ್ರಭಾದ ನಮ್ಮ ವಾರ್ಡಿನಲ್ಲಿ ನಿಡಸೋಸಿ ಕಡೆಯ ಒಬ್ಬ ಹುಡುಗಿಯಿದ್ದಾಳೆ. ಶಾವಿಗೆ ಯಂತ್ರಕ್ಕೆ ಸಿಕ್ಕಿ ಅವಳ ಹೆಬ್ಬೆರಳು ಹೋಗಿದೆ. ಹೊಲಿಗೆ ಕೆಲಸದವಳು. ಕಾಲಿನ ಬೆರಳು ಕೂಡಿಸುವುದಕ್ಕೆ ಬೆಳಗಾವಿಗೆ ಕಳಿಸೋಣವೆಂದರೆ ಒಪ್ಪುತ್ತಿಲ್ಲ. ಇವತ್ತು ಮಧ್ಯಾಹ್ನ ಅವಳ ಹಾಸಿಗೆಯ ಪಕ್ಕ ಕೂತು ಖಾಲಾನ ಕಥೆ ಪೂರ್ತಿ ಹೇಳಿದೆ. ಅಕ್ಕನ ಮಾತು ಬಂದಾಗ ಸ್ವಲ್ಪ ನಕ್ಕಳು. ಮುಗಿದ ಮೇಲೆ ಕೇಳಿದಳು:

"ಅವರನ್ನ ಒಮ್ಮಿ ಕರಸ್ತೀರೇನ್ರಿ ಮ್ಯಾಡಂ? ಅವರ ಕೈ ನಾ ಹಿಡದ ನೋಡಬೇಕು."

ತೀರಿಕೊಂಡಿದ್ದಾರೆ ಎಂದೆ. ಡಾಕ್ಟರು ಪಾಠಕ್ಕೆಂದು ತೆಗೆಸಿ, ನನಗೂ ಕಳಿಸಿದ್ದ ಚಿತ್ರವೊಂದು ಫೋನಿನಲ್ಲಿತ್ತು, ಹುಡುಕಿ ತೋರಿಸಿದೆ. ಹಾಸಿದ ಬಟ್ಟೆಯ ಮೇಲೆ ಮಣಿಕಟ್ಟಿನಿಂದ ಮುಂದಿನ ಕೈ, ಪಕ್ಕದಲ್ಲಿ ಅಳತೆಪಟ್ಟಿ. ಅವಳು ದೊಡ್ಡದು ಮಾಡಿ ನೋಡಿದಳು, ಮೇಲಕ್ಕೆ ಸರಿಸಿದಳು. ಮೇಲೆ ಏನೂ ಇರಲಿಲ್ಲ.

"ಬಟ್ಟ ಕಾಣತೈತ್ರಿ. ಅವರು ಎಲ್ಲಿ ಅದಾರ?"

ಫೋನು ವಾಪಸ್ ಕೊಟ್ಟು, ಬ್ಯಾಂಡೇಜಿನ ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು. ನಾಳೆ ಬೆಳಿಗ್ಗೆ ಮತ್ತೆ ಅವಳ ಹತ್ತಿರ ಕೂರಬೇಕು. ಹೇಳುವುದೆಲ್ಲ ಹೇಳಿಯಾಗಿದೆ. ಇನ್ನು ಬೇಕಾದದ್ದು ಖಾಲಾ ಎದುರು ಕೂತು, ಏನಾದರೊಂದು ತಮಾಷೆ ಮಾಡುತ್ತ, ಅವಳ ಕೈ ಹಿಡಿದು ಒಮ್ಮೆ ಒತ್ತುವುದು. ಅದು ನನ್ನಿಂದ ಆಗುವ ಕೆಲಸವಲ್ಲ.